ಸ್ಯಾನಿಟೈಸರ್ ಸಿಗದ ಮಾರ್ಚ್: ಡೊಂಬಿವಲಿಯ ಗಾಳಾದಲ್ಲಿ ಒಂದೊಂದೇ ಲೀಟರ್

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಈ ಕೆಲಸದಲ್ಲಿ ಎಲ್ಲ ನಿಂತಿರುವುದು ಅದರ ಮೇಲೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಮಾರುಕಟ್ಟೆಯಲ್ಲಿ ಸಿಗದಿದ್ದಾಗ ಸ್ಥಳೀಯವಾಗಿ ತಯಾರಿಸಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆ ಎರಡು ಸೂತ್ರ ಕೊಟ್ಟಿದೆ. ಒಂದು ಎಥನಾಲ್‌ನದು, ಇನ್ನೊಂದು ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಐಪಿಎಯದು. ನಾನು ಮಾಡಿದ್ದು ಎರಡನೆಯದು. 10 ಲೀಟರಿಗೆ 99.8% ಐಪಿಎ 7515 ಮಿ.ಲೀ., 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., 98% ಗ್ಲಿಸರಿನ್ 145 ಮಿ.ಲೀ., ಬಾಕಿ ಕುದಿಸಿ ಆರಿಸಿದ ನೀರು. ಕೊನೆಗೆ ಕೈಗೆ ಬರುವುದು 75% ಐಪಿಎ. ಒಂದು ಲೀಟರ್ ಬೇಕಾದವರು ಎಲ್ಲವನ್ನೂ ಹತ್ತರಿಂದ ಭಾಗಿಸಿಕೊಂಡರಾಯಿತು. ಬಣ್ಣ ಇಲ್ಲ, ಪರಿಮಳ ಇಲ್ಲ, ಲೋಳೆಸರ ಇಲ್ಲ.

ಇದನ್ನು ಆಗಿನ ನೋಟ್‌ಬುಕ್ ನೋಡಿಕೊಂಡು ಬರೆಯುತ್ತಿದ್ದೇನೆ. 2020ರ ಮಾರ್ಚ್ ಎರಡನೇ ವಾರ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿ ಪೂರ್ವದಲ್ಲಿ ಯಾವ ಮೆಡಿಕಲ್‌ಗೆ ಹೋದರೂ ಒಂದೇ ಉತ್ತರ: "ಸ್ಟಾಕ್ ಸಂಪ್ಲಾ," ಅಂದರೆ ಮಾಲು ಮುಗಿಯಿತು. ಮಾರ್ಚ್ 13ಕ್ಕೆ ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. 21ಕ್ಕೆ 200 ಮಿ.ಲೀ. ಬಾಟಲಿಗೆ 100 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ಮಿತಿ ಹಾಕಿತು. ಬೆಲೆ ಕಟ್ಟಿಹಾಕಿದ್ದು ಒಳ್ಳೆಯದೇ, ಆದರೆ ಅಂಗಡಿಯಲ್ಲಿ ಮಾಲೇ ಇರಲಿಲ್ಲ. ಅದೇ ಹೊತ್ತಿಗೆ ಮೊಬೈಲಿಗೆ ದಿನಕ್ಕೊಂದು 'ಮನೆಯಲ್ಲೇ ತಯಾರಿಸಿ' ವಿಡಿಯೊ ಬರುತ್ತಿತ್ತು. ಹೆಚ್ಚಿನವುಗಳಲ್ಲಿ ಎರಡು ಪಾಲು ಸ್ಪಿರಿಟ್, ಒಂದು ಪಾಲು ಲೋಳೆಸರದ ಜೆಲ್. ಸ್ಪಿರಿಟ್ 70%ದ್ದಾದರೆ ಈ ಲೆಕ್ಕದಲ್ಲಿ ಉಳಿಯುವುದು 47%ಕ್ಕೂ ಕಡಿಮೆ. ಕನಿಷ್ಠ 60% ಬೇಕು. ಇನ್ನು ಕೆಲವರು ರಮ್ಮು, ವೋಡ್ಕಾ ಎಂದರು. ನಮ್ಮಲ್ಲಿ ಮಾರುವ ಬಾಟಲಿಗಳ ಮೇಲೇ 42.8% ಎಂದು ಅಚ್ಚಾಗಿರುತ್ತದೆ, ಅದನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ನನಗೆ ಆಗ ಸಿಟ್ಟು ಬಂದದ್ದು, ಈಗಲೂ ಬರುವುದು ಈ ವಿಷಯಕ್ಕೇ. 45%ದ್ದಕ್ಕೂ 75%ದ್ದಕ್ಕೂ ನೋಡಲು ವ್ಯತ್ಯಾಸವಿಲ್ಲ, ವಾಸನೆಯಲ್ಲೂ ಇಲ್ಲ, ಕೈ ತಣ್ಣಗಾಗುವುದರಲ್ಲೂ ಇಲ್ಲ. ಹಚ್ಚಿಕೊಂಡವರು ಕೈ ಶುದ್ಧವಾಯಿತೆಂದು ನಂಬಿ ಮಗುವನ್ನು ಎತ್ತಿಕೊಳ್ಳುತ್ತಾರೆ.

ನನ್ನ ಕಸುಬು ಸರ್ಕ್ಯೂಟ್ ಬೋರ್ಡ್ ರಿಪೇರಿ: ಇನ್ವರ್ಟರ್, ವಾಷಿಂಗ್ ಮಷಿನ್, ಏಸಿಯ ಬೋರ್ಡುಗಳು. ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲೇ ಒಂದು ಸಣ್ಣ ಗಾಳಾ, ಅಂದರೆ ಅಂಗಡಿ ಕೋಣೆ. ಬೆಸುಗೆ ಹಾಕಿದ ಮೇಲೆ ಉಳಿಯುವ ಫ್ಲಕ್ಸಿನ ಅಂಟು ತೊಳೆಯಲು ಐಪಿಎ ಯಾವಾಗಲೂ ಬೇಕು, ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ಐದು ಲೀಟರಿನ ಕ್ಯಾನ್ ತರುತ್ತೇನೆ. ಹಾಗಾಗಿ ಬೇರೆಯವರಿಗೆ ಸಿಗದ ಮುಖ್ಯ ಸಾಮಾನು ನನ್ನ ಶೆಲ್ಫಿನಲ್ಲೇ ಇತ್ತು. 96% ಎಥನಾಲ್ ನಮ್ಮಂಥವರಿಗೆ ಸಿಗುವ ವಸ್ತುವಲ್ಲ, ಅದಕ್ಕೆ ಅಬಕಾರಿ ಪರವಾನಗಿ ಬೇಕು.

ಮೇಲಿನ ಮನೆಯ ಅಕ್ಕ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕೇಳಿದ್ದು ಅವರೇ. "ತಮ್ಮಾ, ವಾರ್ಡಲ್ಲಿ ಸಿಗ್ತದೆ. ಬಸ್ಸಲ್ಲಿ ಕಂಬಿ ಹಿಡಿದು ಬರುವಾಗ ಏನು ಮಾಡ್ಲಿ?" ಮಾರ್ಚ್ 22ರ ಜನತಾ ಕರ್ಫ್ಯೂ ರಾತ್ರಿಯಿಂದ ಲೋಕಲ್ ರೈಲು ನಿಂತಿತ್ತು, ಆಸ್ಪತ್ರೆಯವರು ಬಸ್ಸಿನಲ್ಲೇ ಓಡಾಡಬೇಕಿತ್ತು. ಅವರ ಹಿಂದೆಯೇ ವಾಚ್‌ಮನ್ ಚಾಚಾ, ಹಾಲಿನವನು, ಕಸ ಒಯ್ಯುವ ಹುಡುಗರು. ಮನೆಯೊಳಗೆ ನಲ್ಲಿ, ಸಾಬೂನು ಇರುವವರಿಗೆ ಸ್ಯಾನಿಟೈಸರ್ ಬೇಕಿಲ್ಲ. ಕೊರೋನಾ ವೈರಸ್ಸಿನ ಹೊರಪದರ ಕೊಬ್ಬಿನದು, ಅದನ್ನು ಸಾಬೂನೂ ಒಡೆಯುತ್ತದೆ, ಆಲ್ಕೋಹಾಲೂ ಒಡೆಯುತ್ತದೆ. ಕೈಯಲ್ಲಿ ಕೊಳೆ, ಎಣ್ಣೆ ಇದ್ದರಂತೂ ಸಾಬೂನೇ ಮೇಲು. ನೀರಿನ ಹತ್ತಿರ ಹೋಗಲಾಗದವರಿಗೆ ಮಾತ್ರ ಕೊಡುವುದು ಎಂದು ಅವತ್ತೇ ತೀರ್ಮಾನ ಮಾಡಿದೆವು. ಇರುವುದು ಒಂದು ಕ್ಯಾನ್, ಇಡೀ ಸೊಸೈಟಿಗೆ ಹಂಚಿದರೆ ಎರಡು ದಿನಕ್ಕೂ ಬರುವುದಿಲ್ಲ.

ಶುರು ಮಾಡುವ ಮುಂಚೆ ಸೆಕ್ರೆಟರಿ ತಡೆದರು. "ಬಿಲ್ಡಿಂಗಲ್ಲಿ ಕೆಮಿಕಲ್ ಬೇಡ" ಎಂದರು. 2016ರ ಮೇ ತಿಂಗಳಲ್ಲಿ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಕೆಮಿಕಲ್ ಕಾರ್ಖಾನೆ ಸ್ಫೋಟಗೊಂಡಾಗ ಬಹಳ ದೂರದ ಮನೆಗಳ ಕಿಟಕಿ ಗಾಜೂ ಪುಡಿಯಾಗಿತ್ತು. ಡೊಂಬಿವಲಿಯಲ್ಲಿ ಕೆಮಿಕಲ್ ಎಂದ ಕೂಡಲೇ ಎದೆ ಝಲ್ಲೆನ್ನುವುದು ಸಹಜ. ಅವರ ಮಾತಿನಲ್ಲಿ ನ್ಯಾಯವಿತ್ತು. 75% ಐಪಿಎಯ ಫ್ಲ್ಯಾಶ್ ಪಾಯಿಂಟ್ 19 ಡಿಗ್ರಿ. ಅಂದರೆ ಅಷ್ಟು ಶಾಖದಲ್ಲೇ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ಮಾರ್ಚಿನ ಹಗಲಲ್ಲಿ ನಮ್ಮ ಗಾಳಾದೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಸೆಕೆ ಇರುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಲೇರದೆ ನೆಲದ ಮೇಲೆ ಹರಿಯುತ್ತದೆ. ಕೋಣೆಯ ಮೂಲೆಯಲ್ಲಿರುವ ಫ್ರಿಜ್ಜಿನ ರಿಲೇ ಕಿಡಿ ಸಾಕು. ಹಾಗಾಗಿ ಮಾತು ಹೀಗಾಯಿತು: ಕಲಸುವುದು ಕಾಂಪೌಂಡಿನ ತೆರೆದ ಜಾಗದಲ್ಲಿ, ಒಂದು ಸಲಕ್ಕೆ ಒಂದೇ ಲೀಟರ್, ಪಕ್ಕದಲ್ಲಿ ಒಂದು ಬಕೆಟ್ ಮರಳು, ಗಾಳಾದ ಬೆಸುಗೆ ಕಬ್ಬಿಣದ ಪ್ಲಗ್ ಕಿತ್ತು ಇಡುವುದು, ಯಾರೂ ಬೀಡಿ ಸೇದಬಾರದು. ಅಡುಗೆಮನೆಯಲ್ಲಿ ಇದನ್ನು ಯಾರೂ ಮಾಡಬೇಡಿ.

ಈಗ ಐಪಿಎ ಪರೀಕ್ಷೆ. ಕ್ಯಾನಿನ ಮೇಲೆ 99.8% ಎಂದು ಬರೆದಿರುವುದನ್ನು ನಂಬಿ ಸುಮ್ಮನಿರಲು ನನಗೆ ಮನಸ್ಸಾಗಲಿಲ್ಲ. ಆ ದಿನಗಳಲ್ಲಿ ಎಲ್ಲದಕ್ಕೂ ನೀರು ಬೆರೆಯುತ್ತಿತ್ತು. ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ಹಿಂದೆ ಯಾವಾಗಲೋ ಕೊಂಡ 100 ಮಿ.ಲೀ. ಗಾಜಿನ ಅಳತೆ ಸಿಲಿಂಡರ್ ಇತ್ತು. ಹೆಂಡತಿಯ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇತ್ತು, ಒಂದು ಗ್ರಾಂವರೆಗೆ ತೋರಿಸುತ್ತದೆ. ಖಾಲಿ ಸಿಲಿಂಡರ್ ಇಟ್ಟು ಸೊನ್ನೆ ಮಾಡಿ, 100ರ ಗೆರೆಯವರೆಗೆ ಐಪಿಎ ಹೊಯ್ದೆ. 78 ಗ್ರಾಂ. ಶುದ್ಧ ಐಪಿಎಯ ಸಾಂದ್ರತೆ 20 ಡಿಗ್ರಿಯಲ್ಲಿ ಮಿ.ಲೀ.ಗೆ 0.785 ಗ್ರಾಂ, ಸೆಕೆಯಲ್ಲಿ ಇನ್ನೂ ಸ್ವಲ್ಪ ಇಳಿಯುತ್ತದೆ. ಸರಿಹೋಯಿತು. 70%ದ್ದನ್ನು ತುಂಬಿಕೊಟ್ಟಿದ್ದರೆ 87ರ ಆಸುಪಾಸು ತೋರಿಸಬೇಕಿತ್ತು. ಆಮೇಲೆ ಎರಡು ಚಮಚ ಸ್ಟೀಲ್ ತಟ್ಟೆಗೆ ಸುರಿದು ಬಿಸಿಲಲ್ಲಿ ಆರಲು ಬಿಟ್ಟೆ. ಆರಿದ ಮೇಲೆ ತಟ್ಟೆ ಕಣ್ಣಿನ ಹತ್ತಿರ ಓರೆಯಾಗಿ ಹಿಡಿದು ನೋಡಿದರೆ ಉಂಗುರವಿಲ್ಲ, ಜಿಡ್ಡಿಲ್ಲ, ಬೆರಳಾಡಿಸಿದರೆ ಅಂಟಿಲ್ಲ. ಥಿನ್ನರ್ ಕಲಬೆರಕೆ ಇದ್ದರೆ ಎಣ್ಣೆ ವಾಸನೆ ಉಳಿಯುತ್ತದೆ.

ಎರಡನೇ ಮಹಡಿಯಲ್ಲಿ ನಿವೃತ್ತ ರಸಾಯನಶಾಸ್ತ್ರದ ಮಾಷ್ಟ್ರಿದ್ದಾರೆ, ಉಡುಪಿ ಕಡೆಯವರು. ಬಾಲ್ಕನಿಯಿಂದಲೇ ಇದೆಲ್ಲ ನೋಡುತ್ತಿದ್ದರು. "ತಕ್ಕಡಿ ನೀರನ್ನು ಹಿಡಿದು ಕೊಡ್ತದೆ ಮಾರಾಯ, ಮೆಥನಾಲನ್ನು ಹಿಡಿಯುದಿಲ್ಲ. ಅದು ಗೊತ್ತುಂಟಲ್ಲ?" ಎಂದು ಕೂಗಿ ಹೇಳಿದರು. ಅದು ಈ ಇಡೀ ಬರಹದಲ್ಲಿ ಮರೆಯಬಾರದ ಮಾತು. ಸಾಂದ್ರತೆ ನೋಡಿದರೆ ಐಪಿಎ 0.785, ಎಥನಾಲ್ 0.789, ಮೆಥನಾಲ್ 0.791. ಅಡುಗೆಮನೆಯ ತಕ್ಕಡಿಗೆ ಮೂರೂ ಒಂದೇ. ವಾಸನೆಯಿಂದ ಗುರುತಿಸುತ್ತೇನೆ ಎನ್ನುವವರನ್ನು ನಂಬಬೇಡಿ. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಚರ್ಮದ ಮೂಲಕವೂ ಒಳಸೇರುತ್ತದೆ. 2015ರ ಜೂನ್‌ನಲ್ಲಿ ಮಲಾಡಿನ ಮಾಲ್ವಣಿಯಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ಮುಂಬಯಿಯವರಿಗೆ ಮರೆತಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಮರಕ್ಕೆ ಪಾಲಿಷ್ ಹಾಕಲು ಸಿಗುವ ಸ್ಪಿರಿಟ್ಟಿನಲ್ಲಿ ಏನೇನು ಸೇರಿರುತ್ತದೋ ಹೇಳಲಾಗದು, ಮೆಥನಾಲ್ ಇರುವ ಸಂಭವ ಧಾರಾಳ. ಅದನ್ನು ಕೈಗೆ ಹಚ್ಚುವ ಯೋಚನೆಯೇ ಬೇಡ. ಲೇಬಲ್ ಇಲ್ಲದ, ಬಿಡಿಯಾಗಿ ಅಳೆದು ಕೊಡುವ ಐಪಿಎಯೂ ಬೇಡ. ಮುಚ್ಚಳದ ಸೀಲ್ ಒಡೆಯದ, ಬ್ಯಾಚ್ ನಂಬರ್ ಇರುವ ಕ್ಯಾನ್ ಮಾತ್ರ. ನನ್ನದು ನಾನೇ ಸೀಲ್ ಒಡೆದದ್ದು, ವರ್ಷಗಳಿಂದ ತರುವ ಅಂಗಡಿಯದು, ಆ ಧೈರ್ಯದ ಮೇಲೆ ಮುಂದುವರಿದೆ.

ಪೆರಾಕ್ಸೈಡ್ ಮೆಡಿಕಲ್‌ನಲ್ಲಿ ಸುಲಭವಾಗಿ ಸಿಕ್ಕಿತು, ಗಾಯ ತೊಳೆಯುವುದಕ್ಕೆಂದು ಇಟ್ಟಿರುತ್ತಾರೆ. ಇಲ್ಲಿ ಒಂದು ಕೊಕ್ಕೆ ಇದೆ. ಸೂತ್ರದಲ್ಲಿರುವುದು 3%, ನಮ್ಮಲ್ಲಿ ಮಾರುವುದು ಸಾಮಾನ್ಯವಾಗಿ 6%, ಬಾಟಲಿಯ ಮೇಲೆ '20 ವಾಲ್ಯೂಮ್' ಎಂದಿರುತ್ತದೆ. ಹಾಗಾಗಿ ಲೀಟರಿಗೆ 41.7 ಅಲ್ಲ, ಅದರ ಅರ್ಧ, 21 ಮಿ.ಲೀ. ಸಾಕು. ಪೆರಾಕ್ಸೈಡ್ ಕೈಯ ವೈರಸ್ ಕೊಲ್ಲುವುದಕ್ಕಲ್ಲ. ಆಲ್ಕೋಹಾಲ್ ಬ್ಯಾಕ್ಟೀರಿಯಾದ ಗಟ್ಟಿ ಕವಚ ಹೊದ್ದು ಮಲಗಿದ ರೂಪವಾದ ಸ್ಪೋರ್‌ಗಳನ್ನು ಏನೂ ಮಾಡುವುದಿಲ್ಲ, ಬಾಟಲಿಯಲ್ಲೋ ನೀರಿನಲ್ಲೋ ಅವು ಇದ್ದರೆ ಅವುಗಳ ಲೆಕ್ಕ ಚುಕ್ತಾ ಮಾಡುವುದು ಪೆರಾಕ್ಸೈಡಿನ ಕೆಲಸ. ಬೆಳಕು ಬಿದ್ದು ಹಳಸಿದ ಪೆರಾಕ್ಸೈಡ್ ಬರೀ ನೀರು. ಆಲೂಗಡ್ಡೆ ಕೊಯ್ದು ಹೋಳಿನ ಮೇಲೆ ಒಂದು ಹನಿ ಬಿಟ್ಟೆ, ಬಿಳಿ ನೊರೆ ಉಕ್ಕಿತು. ಜೀವ ಇದೆ ಎಂದು ತಿಳಿಯಲು ಅಷ್ಟು ಸಾಕು.

ಗ್ಲಿಸರಿನ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅದು ಚರ್ಮ ಒಡೆಯದಿರಲಿ ಎಂದು. ಆದರೆ ಅಳೆಯುವುದು ತಾಪತ್ರಯ. ಸಿಲಿಂಡರಿಗೆ ಹೊಯ್ದರೆ ಅರ್ಧ ಗಾಜಿಗೇ ಅಂಟಿಕೊಳ್ಳುತ್ತದೆ. ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ನೇರ ತೂಕ ಹಾಕುವುದು ಉತ್ತಮ, 14.5 ಮಿ.ಲೀ. ಅಂದರೆ 18 ಗ್ರಾಂ.

ಒಂದು ಲೀಟರಿನ ಗೆರೆ ಹಾಕಿಕೊಂಡದ್ದು ಹೀಗೆ. ಬಿಸಿನೀರಲ್ಲಿ ತೊಳೆದು ಒಣಗಿಸಿದ ಎರಡು ಲೀಟರಿನ ಪೆಟ್ ಪ್ಲಾಸ್ಟಿಕ್ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, 1000 ಗ್ರಾಂ ನೀರು ತುಂಬಿದೆ. ನೀರಿನ ಮಟ್ಟ ಎಲ್ಲಿ ನಿಂತಿತೋ ಅಲ್ಲಿ ಬ್ಲೇಡಿನಿಂದ ಸಣ್ಣ ಗೀರು. ಮಾರ್ಕರ್ ಪೆನ್ನಿನ ಗೆರೆ ಬೇಡ, ಐಪಿಎ ಹನಿ ತಾಗಿದ ಕೂಡಲೇ ಅಳಿಸಿಹೋಗುತ್ತದೆ. ನೀರು ಚೆಲ್ಲಿ ಬಾಟಲಿಯನ್ನು ತಲೆಕೆಳಗಾಗಿ ಪೂರ್ತಿ ಒಣಗಲು ಬಿಟ್ಟೆ.

ಒಣಗಿದ ಬಾಟಲಿಗೆ ಐಪಿಎ 590 ಗ್ರಾಂ, ಅದು 751.5 ಮಿ.ಲೀ. ಆಯಿತು. ಮೇಲೆ ಪೆರಾಕ್ಸೈಡ್ 21 ಮಿ.ಲೀ., ಗ್ಲಿಸರಿನ್ 18 ಗ್ರಾಂ. ಗ್ಲಿಸರಿನ್ ಬೀಳುವಾಗ ನೋಡಬೇಕು, ಗಾಜಿನ ದಾರದ ಹಾಗೆ ಸುರುಳಿ ಸುತ್ತಿಕೊಂಡು ತಳಕ್ಕೆ ಇಳಿದು ಅಲ್ಲೇ ಕುಳಿತುಕೊಳ್ಳುತ್ತದೆ, ಮುಚ್ಚಳ ಹಾಕಿ ತಿರುಗಿಸಿ ಮುರುಗಿಸಿ ಅಲ್ಲಾಡಿಸಿದ ಮೇಲೆಯೇ ಕರಗುವುದು. ಆಮೇಲೆ ಕುದಿಸಿ ಆರಿಸಿದ ನೀರು. ಕೂಡಿಸಿ ಕಳೆದರೆ 213 ಮಿ.ಲೀ. ನೀರು ಹಾಕಿದರೆ ಒಂದು ಲೀಟರ್ ತುಂಬಬೇಕು. ತುಂಬುವುದಿಲ್ಲ. ಅಲ್ಲಾಡಿಸಿ ಇಟ್ಟರೆ ಮಟ್ಟ ಗೀರಿಗಿಂತ ಕೆಳಗೆ ನಿಲ್ಲುತ್ತದೆ. ಆಲ್ಕೋಹಾಲೂ ನೀರೂ ಬೆರೆತಾಗ ಅಣುಗಳು ಒತ್ತೊತ್ತಾಗಿ ಕೂತು ಒಟ್ಟು ಗಾತ್ರ ಕುಗ್ಗುತ್ತದೆ, ಲೀಟರಿಗೆ ಇಪ್ಪತ್ತಕ್ಕೂ ಹೆಚ್ಚು ಮಿ.ಲೀ. ಅದಕ್ಕೇ ಸೂತ್ರದಲ್ಲಿ ನೀರಿಗೆ ಅಳತೆ ಕೊಟ್ಟಿಲ್ಲ, ಗೆರೆ ಮುಟ್ಟುವವರೆಗೆ ತುಂಬಿಸಿ ಎಂದಿರುವುದು. ಗೆರೆಗೆ ತಂದೆ.

ಕೊನೆಯ ಪರೀಕ್ಷೆ ಮತ್ತೆ ತಕ್ಕಡಿಯದು. ಬಾಟಲಿಯ ತೂಕ ಕಳೆದರೆ ಆ ಒಂದು ಲೀಟರ್ 860ರಿಂದ 870 ಗ್ರಾಂ ಒಳಗೆ ಬರಬೇಕು. ಬಂತು. 900ರ ಹತ್ತಿರ ಹೋದರೆ ನೀರು ಹೆಚ್ಚಾಗಿ ಆಲ್ಕೋಹಾಲ್ 60ರ ಗಡಿಗೆ ಇಳಿದಿದೆ ಎಂದು ಅರ್ಥ. ಪ್ರತಿ ಲೀಟರನ್ನೂ ಹೀಗೆ ತೂಗಿಯೇ ಇಟ್ಟೆ, ತೂಗದೆ ಒಂದೂ ಹೊರಗೆ ಹೋಗಲಿಲ್ಲ. ಹಾಗಾದರೆ 99% ಐಪಿಎಯನ್ನೇ ಹಚ್ಚಬಾರದೇ, ಇನ್ನೂ ಗಟ್ಟಿಯಲ್ಲವೇ ಎಂದು ಸುಮಾರು ಜನ ಕೇಳಿದರು. ಆಲ್ಕೋಹಾಲ್ ಪ್ರೋಟೀನನ್ನು ಕೆಡಿಸಬೇಕಾದರೆ ನೀರಿನ ಜೊತೆ ಬೇಕು. ಬರೀ ಐಪಿಎ ಕೆಲಸ ಮುಗಿಸುವ ಮೊದಲೇ ಆರಿಹೋಗುತ್ತದೆ, ಕೈಯೂ ಸುಣ್ಣದಂತೆ ಒಣಗುತ್ತದೆ.

ಕಲಸಿದ ಮೇಲೆ 72 ಗಂಟೆ ಮುಟ್ಟಬಾರದು, ಪೆರಾಕ್ಸೈಡಿಗೆ ಅಷ್ಟು ಸಮಯ ಬೇಕು. ಅಕ್ಕ ದಿನಾ ಡ್ಯೂಟಿಗೆ ಹೋಗುವಾಗ "ಆಯ್ತಾ?" ಎಂದು ಕೇಳುತ್ತಿದ್ದರು, ನಾನು ಇಲ್ಲ ಎನ್ನುತ್ತಿದ್ದೆ. ಆ ಕಾಯುವಿಕೆಯ ನಡುವೆಯೇ ಮಾರ್ಚ್ 25 ಬಂತು: ಯುಗಾದಿ, ಗುಡಿಪಾಡ್ವ, ಲಾಕ್‌ಡೌನಿನ ಮೊದಲ ದಿನ, ಮೂರೂ ಒಟ್ಟಿಗೆ.

ಬಾಟಲಿಗಳಿಗೆ ಮನೆಮನೆ ಸುತ್ತಿದೆವು. ಗುಲಾಬಿ ನೀರಿನದು, ತಲೆಗೆಣ್ಣೆಯದು, ಗಾಜು ಒರೆಸುವ ಸ್ಪ್ರೇಯದು. ನಮ್ಮದು ಜೆಲ್ ಅಲ್ಲ, ನೀರಿನಂತೆ ತೆಳ್ಳಗೆ, ಹಾಗಾಗಿ ಸ್ಪ್ರೇ ಇರುವ ಬಾಟಲಿ ಒಳ್ಳೆಯದು, ಅಗಲ ಬಾಯಿಯದಾದರೆ ಅರ್ಧ ನೆಲಕ್ಕೆ. ತಂಪು ಪಾನೀಯದ, ಕುಡಿಯುವ ನೀರಿನ ಬಾಟಲಿ ಒಂದನ್ನೂ ತೆಗೆದುಕೊಳ್ಳಲಿಲ್ಲ. ಬಾಯಾರಿದವರು ಕತ್ತಲಲ್ಲಿ ಎತ್ತಿ ಗಂಟಲಿಗೆ ಸುರಿದುಕೊಂಡರೆ ಏನು ಗತಿ? ಲೇಬಲನ್ನು ಪೆನ್ಸಿಲಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪ್ ಸುತ್ತಿದೆ. ಪೆನ್ಸಿಲ್ ಗ್ರಾಫೈಟ್, ಆಲ್ಕೋಹಾಲಿಗೆ ಜಗ್ಗುವುದಿಲ್ಲ. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆದೆ. ಕುಡಿಯಬಾರದು, ಪಿಣ್ಯಾಸಾಠೀ ನಾಹೀ, ಪೀನೇ ಕೇ ಲಿಯೇ ನಹೀಂ. ಓದಲು ಬಾರದವರಿಗೆ ತಲೆಬುರುಡೆಯ ಚಿತ್ರ, ಕಲಸಿದ ತಾರೀಕು, ಬೆಂಕಿಯ ಚಿತ್ರದ ಮೇಲೆ ಅಡ್ಡಗೆರೆ. ಇಷ್ಟು ಯಾಕೆ ಎಂದು ಆಗ ಕೇಳಿದವರಿದ್ದರು. 2021ರ ಜನವರಿ 31ರಂದು ನಮ್ಮದೇ ರಾಜ್ಯದ ಯವತ್ಮಾಳ ಜಿಲ್ಲೆಯಲ್ಲಿ ಪೋಲಿಯೊ ಹನಿಯ ಬದಲು 12 ಮಕ್ಕಳಿಗೆ ಸ್ಯಾನಿಟೈಸರ್ ಹಾಕಿದ ಸುದ್ದಿ ಬಂದಾಗ ಅವರಿಗೂ ಅರ್ಥವಾಯಿತು. ಪುಣ್ಯಕ್ಕೆ ಮಕ್ಕಳು ಬದುಕಿಕೊಂಡರು.

ಬಾಟಲಿ ಕೊಡುವಾಗ ಹಚ್ಚುವ ಬಗೆಯನ್ನು ಅಕ್ಕನೇ ತೋರಿಸಿದರು. ಒಂದು ಹನಿ ತೆಗೆದು ಅಂಗೈಗೆ ತಿಕ್ಕಿದರೆ ಆಗದು. ಸುಮಾರು 3 ಮಿ.ಲೀ., ಅಂದರೆ ಅಂಗೈಯ ಗುಳಿ ತುಂಬುವಷ್ಟು ಬೇಕು, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಲ್ಲ ನೆನೆದು 20ರಿಂದ 30 ಸೆಕೆಂಡ್ ಒದ್ದೆಯಾಗಿಯೇ ಇರಬೇಕು, ತಾನಾಗಿ ಆರಬೇಕು, ಬಟ್ಟೆಗೆ ಒರೆಸಬಾರದು. ವಾಚ್‌ಮನ್ ಚಾಚಾ ಅಂಗೈ ನೋಡಿಕೊಂಡು "ಪಾನಿ ಜೈಸಾ ಹೈ, ಅಸ್ಲಿ ಹೈ ಕ್ಯಾ?" ಎಂದರು. ಅಂಗಡಿಯದು ಗಟ್ಟಿಯಾಗಿರುವುದು ಅದಕ್ಕೆ ಕಾರ್ಬೋಮರ್ ಎಂಬ ಪುಡಿ ಸೇರಿಸುವುದರಿಂದ, ಶಕ್ತಿ ಇರುವುದು ಆಲ್ಕೋಹಾಲಿನಲ್ಲಿ ಎಂದು ವಿವರಿಸಿದ ಮೇಲೆ ಒಪ್ಪಿದರು.

3 ಮಿ.ಲೀ. ಲೆಕ್ಕ ಹಿಡಿದರೆ 100 ಮಿ.ಲೀ. ಬಾಟಲಿ 33 ಸಲಕ್ಕೆ ಮುಗಿಯಿತು. ಗೇಟಿನಲ್ಲಿ ಪಾರ್ಸೆಲ್, ಹಾಲು, ರಿಜಿಸ್ಟರ್ ಎಲ್ಲ ಮುಟ್ಟುವ ಮನುಷ್ಯನಿಗೆ ಅದು ಎಷ್ಟು ಹೊತ್ತಿಗೆ? ಕ್ಯಾನ್ ಬರಿದಾಗುವುದು ಕಣ್ಣಿಗೆ ಕಾಣುತ್ತಿತ್ತು, ಹೊಸದು ತರಲು ರೈಲಿಲ್ಲ. ಅದಕ್ಕೆ ಗೇಟಿನ ಪಕ್ಕ ಒಂದು ನೀಲಿ ಡ್ರಮ್ ಕೂರಿಸಿದೆ. ತಳದಿಂದ ನಾಲ್ಕು ಬೆರಳು ಮೇಲೆ ತೂತು ಕೊರೆದು, ಒಳಗೂ ಹೊರಗೂ ರಬ್ಬರ್ ವಾಷರ್ ಕೊಟ್ಟು ಟ್ಯಾಂಕ್ ನಿಪ್ಪಲ್ ಬಿಗಿದು, ಟೆಫ್ಲಾನ್ ಟೇಪ್ ಸುತ್ತಿ ಬಾಲ್ ವಾಲ್ವ್ ಹಾಕಿದೆ. ತಿರುಗಿಸುವ ನಲ್ಲಿ ಬೇಡ, ಉದ್ದ ಹಿಡಿಯ ಬಾಲ್ ವಾಲ್ವ್ ಆದರೆ ಮೊಣಕೈಯಿಂದ ತಳ್ಳಿ ತೆರೆಯಬಹುದು, ಮುಚ್ಚಬಹುದು, ತೊಳೆದ ಕೈ ಮತ್ತೆ ಅದಕ್ಕೆ ತಾಗುವುದಿಲ್ಲ. ಈರುಳ್ಳಿ ಬರುವ ಬಲೆಚೀಲದಲ್ಲಿ ಸಾಬೂನು ಹಾಕಿ ಡ್ರಮ್ಮಿಗೆ ನೇತುಹಾಕಿದೆವು. ಮೊದಲ ದಿನ ವಾಷರಿನ ಅಂಚಿನಿಂದ ನೀರು ಒಸರಿತು, ಡ್ರಮ್ಮಿನ ಮೈ ಬಾಗಿರುವುದರಿಂದ ಚಪ್ಪಟೆ ವಾಷರ್ ಕೂರುವುದಿಲ್ಲ. ಹಳೆಯ ಸೈಕಲ್ ಟ್ಯೂಬಿನಿಂದ ದಪ್ಪ ವಾಷರ್ ಕತ್ತರಿಸಿ ಇಟ್ಟ ಮೇಲೆ ನಿಂತಿತು. ಚಾಚಾಗೂ ಹಾಲಿನವನಿಗೂ ಬಾಟಲಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಡ್ರಮ್. ಬಾಟಲಿ ಬಸ್ಸಿನಲ್ಲಿ ಹೋಗುವವರಿಗೆ, ಕಸದ ಗಾಡಿಯವರಿಗೆ ಉಳಿಯಿತು. ಶುರುವಿನಲ್ಲೇ ಡ್ರಮ್ ಇಟ್ಟು ಆಮೇಲೆ ಐಪಿಎ ಮುಟ್ಟುವುದು ಸರಿಯಾದ ಕ್ರಮ, ಯಾರಾದರೂ ಇದನ್ನು ಮತ್ತೆ ಮಾಡುವುದಾದರೆ.

ಏಪ್ರಿಲ್ 5ರಂದು ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಹಚ್ಚುವ ಕರೆ ಬಂದಾಗ ನನಗೆ ಕೈಕಾಲು ಆಡಲಿಲ್ಲ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಕಡ್ಡಿ ಗೀರಬೇಡಿ ಎಂದು ಸರ್ಕಾರವೇ ಎಚ್ಚರಿಕೆ ಕೊಟ್ಟಿತ್ತು. ಆದರೂ ಆ ಸಂಜೆ ಬಾಟಲಿ ತೆಗೆದುಕೊಂಡ ಪ್ರತಿಯೊಬ್ಬರಿಗೂ ಫೋನ್ ಮಾಡಿ, ದೀಪಕ್ಕೆ ಮೊದಲು ಸಾಬೂನಿನಲ್ಲಿ ಕೈ ತೊಳೆಯಿರಿ, ಬಾಟಲಿಯನ್ನು ಬೇರೆ ಕೋಣೆಯಲ್ಲಿಡಿ ಎಂದು ಹೇಳಿದೆ.

ಒಂದು ಬಾಟಲಿಗೂ ಹಣ ತೆಗೆದುಕೊಳ್ಳಲಿಲ್ಲ. ಮಾರಾಟಕ್ಕೆ ತಯಾರಿಸಲು ಔಷಧ ಇಲಾಖೆಯ ಲೈಸೆನ್ಸ್ ಬೇಕು, ಇರಲೂಬೇಕು. ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಿಗೆ ಸ್ಯಾನಿಟೈಸರ್ ತಯಾರಿಸಲು ಅನುಮತಿ ಸಿಕ್ಕಿ, ಮಾಲು ಅಂಗಡಿಗೆ ಬರತೊಡಗಿದ ಕೂಡಲೇ ನಾನು ಕಲಸುವುದನ್ನು ನಿಲ್ಲಿಸಿದೆ. ಆಗ ಒಂದೂವರೆ ಬಾಟಲಿಯಷ್ಟು ಉಳಿದಿತ್ತು. ಅದನ್ನು ಬೋರ್ಡ್ ತೊಳೆಯಲು ಬಳಸೋಣವೆಂದು ಪಕ್ಕದ ಗಾಳಾದ ಹುಡುಗ ಕೇಳಿದ, ಕೊಡಲಿಲ್ಲ. ಕಾಲು ಭಾಗ ನೀರು, ಮೇಲೆ ಗ್ಲಿಸರಿನ್. ನೀರು ಆರಿದರೂ ಗ್ಲಿಸರಿನ್ ಐಸಿ ಚಿಪ್ಪಿನ ಕಾಲುಗಳ ನಡುವೆ ಉಳಿದು ಮಳೆಗಾಲದ ತೇವ ಎಳೆದುಕೊಳ್ಳುತ್ತದೆ, ಬೋರ್ಡ್ ಕೆಡುತ್ತದೆ. ಬಾಗಿಲ ಹಿಡಿ, ಲಿಫ್ಟಿನ ಬಟನ್ ಒರೆಸಲು ಬಟ್ಟೆಗೆ ಹಾಕಿ ಮುಗಿಸಿದೆವು. ಕ್ಯಾನಿನ ತಳದಲ್ಲಿದ್ದ ಶುದ್ಧ ಐಪಿಎ ಮಾತ್ರ ಶೆಲ್ಫಿಗೆ ವಾಪಸ್ ಹೋಯಿತು.